ನರಹುಲಿಯಿಂದ ಲಸಿಕೆಯವರೆಗೆ: ಗಂಡುಮಕ್ಕಳೂ ತಿಳಿಯಬೇಕಾದ ಚರಿತ್ರೆ

ನಿಮ್ಮ ಕೈಬೆರಳಿನ ಮೇಲೆ ಎಂದಾದರೂ ನರಹುಲಿ ಎದ್ದಿತ್ತೇ? ಹಾಗಿದ್ದರೆ ಈ ಚರಿತ್ರೆಯ ಮುಖ್ಯ ಪಾತ್ರಧಾರಿಯ ದಾಯಾದಿಯೊಂದನ್ನು ನೀವು ಕಂಡಿದ್ದೀರಿ. 1907ರಲ್ಲಿ ಇಟಲಿಯ ವೈದ್ಯ ಜುಸೆಪ್ಪೆ ಚುಫೊ ನರಹುಲಿಯನ್ನು ಅರೆದು, ಬ್ಯಾಕ್ಟೀರಿಯಗಳೂ ನುಸುಳದಂತೆ ಸೋಸಿ, ಆ ರಸವನ್ನು ತನ್ನ ಚರ್ಮಕ್ಕೇ ಚುಚ್ಚಿಕೊಂಡ. ಅಲ್ಲಿಯೂ ನರಹುಲಿ ಮೂಡಿತು. ಕಾರಣ ವೈರಸ್ಸು ಎಂಬುದು ಹೀಗೆ ತಿಳಿಯಿತು. ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್.ಪಿ.ವಿ., ಇದೇ ಕುಲದ್ದು. ಇದರಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಬಹುಪಾಲು ನಿರುಪದ್ರವಿಗಳು.

ಕ್ಯಾನ್ಸರಿಗೂ ಇದಕ್ಕೂ ನಂಟಿದೆಯೆಂದು ಹೊಳೆಯಲು ಬಹಳ ಕಾಲ ಹಿಡಿಯಿತು. 1842ರಲ್ಲೇ ವೆರೋನಾ ನಗರದ ಮರಣದಾಖಲೆಗಳನ್ನು ತಿರುವಿಹಾಕಿದ ರಿಗೋನಿ ಸ್ಟೆರ್ನ್ ಎಂಬ ವೈದ್ಯ, ಗರ್ಭಾಶಯದ ಕ್ಯಾನ್ಸರ್ ವಿವಾಹಿತೆಯರಲ್ಲಿ ಹೆಚ್ಚು, ಸನ್ಯಾಸಿನಿಯರಲ್ಲಿ ಅಪರೂಪ ಎಂದು ಗುರುತಿಸಿದ್ದ. ಆದರೆ 1970ರ ದಶಕದಲ್ಲಿ ಕೂಡ ತಜ್ಞರ ಅನುಮಾನ ಹರ್ಪಿಸ್ ವೈರಸ್ಸಿನ ಮೇಲಿತ್ತು. ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಮಾತ್ರ ಹಟ ಬಿಡದೆ ಎಚ್.ಪಿ.ವಿ.ಯನ್ನೇ ಹುಡುಕಿದರು. 1983ರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಗಡ್ಡೆಗಳಲ್ಲಿ 16ನೆಯ ಬಗೆ, ಮರುವರ್ಷ 18ನೆಯದು ಸಿಕ್ಕವು. 2008ರಲ್ಲಿ ಅವರಿಗೆ ನೊಬೆಲ್ ಬಂತು.

ಇಲ್ಲಿ ಗಂಡಸಿನ ಪಾತ್ರವೇನು? 1982ರಲ್ಲಿ ಡೇವಿಡ್ ಸ್ಕೆಗ್ ಮತ್ತು ಸಂಗಡಿಗರು, ಹೆಣ್ಣಿನ ಅಪಾಯಕ್ಕೆ ಆಕೆಯ ಗಂಡನ ನಡವಳಿಕೆಯೂ ಕಾರಣವಾಗಬಹುದೆಂದು ಬರೆದರು. ಹೀಗೆ ಗಂಡಸು ಮೊದಲು ಕಂಡದ್ದು ಸೋಂಕು ಸಾಗಿಸುವವನಾಗಿ. ರೋಗಿಯಾಗಿ ಕಂಡದ್ದು ಆಮೇಲೆ. ಶಿಶ್ನ ಮತ್ತು ಗುದದ್ವಾರದ ಕ್ಯಾನ್ಸರುಗಳಲ್ಲೂ ಈ ವೈರಸ್ಸಿನ ಕೈವಾಡ ಬಯಲಾಯಿತು. 2000ದಲ್ಲಿ ಅಮೆರಿಕದ ಮೌರಾ ಗಿಲಿಸನ್ ತಂಡ ಗಂಟಲಿನ ಕೆಲವು ಕ್ಯಾನ್ಸರುಗಳಿಗೂ ಇದೇ ಮೂಲವೆಂಬುದಕ್ಕೆ ಗಟ್ಟಿ ಸಾಕ್ಷ್ಯ ಕೊಟ್ಟಿತು. ನಮ್ಮಲ್ಲಿ ಬಾಯಿಯ ಕ್ಯಾನ್ಸರಿಗೆ ಮುಖ್ಯ ಕಾರಣ ಇಂದಿಗೂ ತಂಬಾಕು, ಅಡಿಕೆ. ವೈರಸ್ಸಿನ ಹೆಸರು ಹೇಳಿ ಗುಟ್ಕಾವನ್ನು ಯಾರೂ ಬಿಡುಗಡೆ ಮಾಡಬೇಡಿ!

ಲಸಿಕೆಯ ಕಥೆ ಇನ್ನೂ ಸ್ವಾರಸ್ಯಕರ. 1991ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಚೀನಾ ಮೂಲದ ಜಿಯಾನ್ ಝೌ ಮತ್ತು ಇಯಾನ್ ಫ್ರೇಜರ್ ವೈರಸ್ಸಿನ ಹೊರಕವಚದ ಪ್ರೋಟೀನನ್ನು ಮಾತ್ರ ತಯಾರಿಸಿದರು. ಪ್ರೋಟೀನಿನ ತುಣುಕುಗಳು ತಾವಾಗಿಯೇ ಜೋಡಿಕೊಂಡು ಚೆಂಡಿನಂಥ ಟೊಳ್ಳು ಕವಚಗಳಾದವು. ಒಳಗೆ ವಂಶವಾಹಿಯಿಲ್ಲ, ಆದ್ದರಿಂದ ರೋಗ ತರಲಾರದು. ಆದರೆ ದೇಹ ಅದನ್ನು ನಿಜವಾದ ಶತ್ರುವೆಂದೇ ಬಗೆದು ಪ್ರತಿಕಾಯಗಳನ್ನು ತಯಾರಿಸುತ್ತದೆ. ಝೌ 1999ರಲ್ಲಿ, ಇನ್ನೂ 42ರ ಹರೆಯದಲ್ಲಿ ತೀರಿಕೊಂಡರು. 2006ರಲ್ಲಿ ಬಂದ ಲಸಿಕೆಯನ್ನು ಅವರು ಕಾಣಲಿಲ್ಲ.

ಅಮೆರಿಕದಲ್ಲಿ ಅದಕ್ಕೆ ಮೊದಲು ಪರವಾನಗಿ ಸಿಕ್ಕಿದ್ದು ಹೆಣ್ಣುಮಕ್ಕಳಿಗಾಗಿ. ಗಂಡುಮಕ್ಕಳ ಸರದಿ ಬಂದದ್ದು 2009ರಲ್ಲಿ. ಆಸ್ಟ್ರೇಲಿಯ 2013ರಿಂದ ಶಾಲಾ ಬಾಲಕರಿಗೂ ಕೊಡತೊಡಗಿತು. ದೂರದರ್ಶನದವರಾದ ನಾವು ಕೂಡ ಈ ವಿಷಯದಲ್ಲಿ ಹೆಣ್ಣುಮಕ್ಕಳನ್ನಷ್ಟೇ ಉದ್ದೇಶಿಸಿ ಮಾತನಾಡುವ ರೂಢಿಯವರು. ಅದು ಅರ್ಧ ಮಾತು.

ಸೋಂಕು ಹರಡುವುದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ. ಹೆಚ್ಚಿನವರಲ್ಲಿ ಒಂದೆರಡು ವರ್ಷಗಳಲ್ಲಿ ದೇಹವೇ ಅದನ್ನು ಕಳೆದುಕೊಳ್ಳುತ್ತದೆ. ಉಳಿದುಕೊಂಡರೆ ಮಾತ್ರ ತೊಂದರೆ. ಗಂಡಸರಲ್ಲಿ ಅದನ್ನು ಮುಂಚೆಯೇ ಪತ್ತೆಹಚ್ಚುವ ಸಾಮಾನ್ಯ ತಪಾಸಣೆ ಇಲ್ಲ. ನಿರೋಧ್ ಅಪಾಯವನ್ನು ತಗ್ಗಿಸುತ್ತದೆ, ಪೂರ್ತಿ ತಡೆಯದು, ಏಕೆಂದರೆ ಅದು ಮುಚ್ಚದ ಚರ್ಮದಿಂದಲೂ ವೈರಸ್ ದಾಟುತ್ತದೆ. ಲಸಿಕೆ ಇದ್ದ ಸೋಂಕನ್ನು ಗುಣಪಡಿಸುವುದಿಲ್ಲ. ಹಾಗಾಗಿ ಸಂಪರ್ಕಕ್ಕೆ ಮೊದಲೇ, ಎಳೆಯ ವಯಸ್ಸಿನಲ್ಲಿ ಹಾಕಿಸುವುದು ಲೇಸು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ 2023ರಲ್ಲಿ ಹೊರತಂದ ಸರ್ವಾವ್ಯಾಕ್, 9ರಿಂದ 26 ವಯಸ್ಸಿನ ಹುಡುಗರಿಗೂ ಹುಡುಗಿಯರಿಗೂ ಒಪ್ಪಿಗೆ ಪಡೆದ ಭಾರತೀಯ ಲಸಿಕೆ.