ಗ್ರೀನ್ ಕಾರ್ಡ್ ಇರುವಾಗ ಬೇರೆ ದೇಶದ ವಿವಿಯಿಂದ ಆಫರ್ ಬಂದರೆ? ಒಪ್ಪುವ ಮುನ್ನ ಇದನ್ನು ತಿಳಿದಿರಿ
ಅಮೆರಿಕದ ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗಾಗಿ ಭಾರತೀಯರು ದಶಕಕ್ಕೂ ಹೆಚ್ಚು ಕಾಯುವುದು ಸಾಮಾನ್ಯ. ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇ.7ರ ಮಿತಿ ಇರುವುದೇ ಇದಕ್ಕೆ ಮುಖ್ಯ ಕಾರಣ. ಇಷ್ಟು ಕಾದು ಪಡೆದ ಕಾರ್ಡ್ ಕೈಯಲ್ಲಿರುವಾಗಲೇ ಸಿಂಗಾಪುರದಿಂದಲೋ ಜರ್ಮನಿಯಿಂದಲೋ ಪ್ರಾಧ್ಯಾಪಕ ಹುದ್ದೆಯ ಆಫರ್ ಬಂದರೆ ಏನು ಮಾಡಬೇಕು?

ಕಾರ್ಡ್ ಮೇಲೆ ಸಾಮಾನ್ಯವಾಗಿ 10 ವರ್ಷದ ಅವಧಿ ಮುದ್ರಿಸಿರುತ್ತಾರೆ. ಆದರೆ ಅದು ಅಮೆರಿಕದಲ್ಲೇ ನೆಲೆಸುವವರಿಗೆ. ಸತತ ಒಂದು ವರ್ಷ ಹೊರಗಿದ್ದರೆ ಮರಳಲು ಆ ಕಾರ್ಡ್ ಒಂದೇ ಸಾಲದು. ವರ್ಷಕ್ಕೊಮ್ಮೆ ರಜೆಯಲ್ಲಿ ಹೋಗಿ ಬಂದರೆ ಸಾಕು ಎಂದು ಹಲವರು ನಂಬಿದ್ದಾರೆ, ಅದೂ ತಪ್ಪು. ಮನೆ ಎಲ್ಲಿದೆ, ಕೆಲಸ ಎಲ್ಲಿ, ತೆರಿಗೆ ಎಲ್ಲಿ ಕಟ್ಟುತ್ತೀರಿ ಎಂದು ವಲಸೆ ಅಧಿಕಾರಿ ವಿಮಾನ ನಿಲ್ದಾಣದಲ್ಲೇ ಕೇಳಬಹುದು.

ಇದಕ್ಕಿರುವ ದಾರಿ ರೀ-ಎಂಟ್ರಿ ಪರ್ಮಿಟ್. ಐ-131 ಅರ್ಜಿಯನ್ನು ಅಮೆರಿಕದಲ್ಲಿದ್ದಾಗಲೇ ಸಲ್ಲಿಸಬೇಕು. ಅವಧಿ ಸಾಮಾನ್ಯವಾಗಿ 2 ವರ್ಷ. ಪೋಸ್ಟ್‌ಡಾಕ್‌ಗೆ ಇದು ಸಾಕಾದೀತು, ಕಾಯಂ ಹುದ್ದೆಗೆ ಅಲ್ಲ. ಅಲ್ಲದೆ, ಪರ್ಮಿಟ್ ಇದ್ದರೂ ಒಂದು ವರ್ಷ ಹೊರಗುಳಿದರೆ ಪೌರತ್ವಕ್ಕೆ ಬೇಕಾದ 5 ವರ್ಷಗಳ ನಿರಂತರ ವಾಸದ ಲೆಕ್ಕ ಸಾಮಾನ್ಯವಾಗಿ ಮುರಿಯುತ್ತದೆ.

ಹಾಗಾಗಿ ಪೌರತ್ವಕ್ಕೆ ವರ್ಷವಷ್ಟೇ ಬಾಕಿ ಇದ್ದರೆ, ಸೇರುವ ದಿನಾಂಕ ಮುಂದೂಡುವಂತೆ ವಿವಿಯನ್ನು ಕೇಳಿ ನೋಡುವುದೇ ಜಾಣತನ. ಆದರೆ ಭಾರತ ದ್ವಿಪೌರತ್ವ ಒಪ್ಪುವುದಿಲ್ಲ. ಭಾರತೀಯ ಪಾಸ್‌ಪೋರ್ಟ್ ಒಪ್ಪಿಸಬೇಕು, ಬಳಿಕ ಒಸಿಐ ಕಾರ್ಡ್‌ಗೆ ಅರ್ಜಿ ಹಾಕಬಹುದು.

ಕೆನಡಾ ನಿಯಮ ಇಷ್ಟು ಬಿಗಿಯಿಲ್ಲ: 5 ವರ್ಷಗಳಲ್ಲಿ 730 ದಿನ ಅಲ್ಲಿದ್ದರೆ ಪಿಆರ್ ಉಳಿಯುತ್ತದೆ.

ಅಮೆರಿಕದ ಸರದಿಯಲ್ಲಿ ಇನ್ನೂ ಕಾಯುತ್ತಿರುವವರಿಗೆ ಒಂದು ಸಮಾಧಾನದ ಸಂಗತಿ ಇದೆ. ಐ-140 ಮಂಜೂರಾಗಿದ್ದರೆ, ದೇಶ ಬಿಟ್ಟರೂ ಪ್ರಿಯಾರಿಟಿ ದಿನಾಂಕ ಸಾಮಾನ್ಯವಾಗಿ ಉಳಿಯುತ್ತದೆ. ಮುಂದೆ ಬೇರೆ ಸಂಸ್ಥೆ ಅರ್ಜಿ ಹಾಕಿದಾಗ ಅದನ್ನೇ ಬಳಸಬಹುದು.