ತೆರೆಯಿಂದ ಹಾಳೆಗೆ ಇಳಿದ ವೀರರು

ಅಮೆರಿಕದ ಅತಿಮಾನುಷ ವೀರರು ಕಾಮಿಕ್ ಪುಸ್ತಕದ ಅಗ್ಗದ ಹಾಳೆಯ ಮೇಲೆ ಹುಟ್ಟಿ, ಅಲ್ಲಿ ಜನಮನ್ನಣೆ ಗಳಿಸಿ, ತರುವಾಯವೇ ತೆರೆಯನ್ನೇರುವುದು ವಾಡಿಕೆಯಾದುದರಿಂದ, ಪ್ರವಾಹಕ್ಕೆ ಇದಿರಾಗಿ ಈಜಿ ಕಾರ್ಟೂನು ಚಿತ್ರದಿಂದ ಹಾಳೆಗೆ ಬಂದ ಕೆಲವರತ್ತ ವಿಮರ್ಶಕರ ದೃಷ್ಟಿ ಹರಿದುದು ಕಡಮೆ. ಹೀಗೆ ಬಂದ ಅತಿಥಿಗಳನ್ನು ಮೊದಮೊದಲು ಯಾವ ಪ್ರಶ್ನೆಯನ್ನೂ ಕೇಳದೆ ಬರಮಾಡಿಕೊಂಡ ಹಾಳೆಯು, ಕಾಲ ಕಳೆದಂತೆ ಅವರ ಕುಲಗೋತ್ರಗಳನ್ನು ವಿಚಾರಿಸದೆ ಒಳಕ್ಕೆ ಬಿಡಲೊಲ್ಲೆನೆಂದಿತು.

ಪ್ರಶ್ನೆಯಿಲ್ಲದೆ ಬಂದವರಲ್ಲಿ ಹಿರಿಯದು ಒಂದು ಇಲಿ. 1942ರಲ್ಲಿ ಪಾಲ್ ಟೆರಿಯ ಚಿತ್ರಶಾಲೆಯಿಂದ, ಸೂಪರ್‌ಮ್ಯಾನನ ಅಣಕವಾಗಿ, ಸೂಪರ್ ಮೌಸ್ ಎಂಬ ಹೆಸರಿನಲ್ಲಿ ಹೊರಟ ಈ ಮೂಷಿಕವೀರನಿಗೆ, ಅದೇ ಹೆಸರಿನ ಇನ್ನೊಂದು ಇಲಿ ಅದೇ ವರುಷ ಒಂದು ಕಾಮಿಕ್ ಪುಸ್ತಕದಲ್ಲಿ ಕಾಣಿಸಿಕೊಂಡುದರಿಂದ, 1944ರಲ್ಲಿ ಮೈಟಿ ಮೌಸ್ ಎಂದು ಪುನರ್ನಾಮಕರಣವಾಯಿತು. ಮರುವರುಷ ಟೈಮ್ಲಿ ಸಂಸ್ಥೆಯ ಪುಸ್ತಕದಲ್ಲಿ ಅವನೂ ಹಾಳೆಗಿಳಿದನು. ಮುಂದೆ ಅವನನ್ನು ಪ್ರಕಟಿಸಿದ ಸೇಂಟ್ ಜಾನ್ ಸಂಸ್ಥೆಯವರು 1953ರಲ್ಲಿ, ಜೋ ಕ್ಯೂಬರ್ಟ್ ಮತ್ತು ನಾರ್ಮನ್ ಮಾರರ್ ಇವರ ಸಾಹಸದ ಫಲವಾಗಿ, ಎರಡು ಬಣ್ಣದ ಕನ್ನಡಕವನ್ನು ಜತೆಗಿಟ್ಟು, ಹತ್ತು ಸೆಂಟಿನ ಪುಸ್ತಕಕ್ಕೆ ಇಪ್ಪತ್ತೈದು ಸೆಂಟು ಬೆಲೆ ಕಟ್ಟಿ ಮಾರಿದರು. ಕನ್ನಡಕವಿಲ್ಲದೆ ನೋಡಿದರೆ ಗೆರೆಗೆ ಗೆರೆ ಕೂಡದ ಕಲಸುಮೇಲೋಗರವಾಗಿದ್ದ ಪುಟದಿಂದ, ಕನ್ನಡಕ ಏರಿಸಿದೊಡನೆ ಇಲಿ ಹೊರಕ್ಕೆ ಚಾಚಿ ನಿಲ್ಲುತ್ತಿತ್ತು. ಚಲನೆಯನ್ನು ಕಳೆದುಕೊಂಡ ಹಾಳೆ ಆಳದ ಭ್ರಮೆಯಿಂದಾದರೂ ಆ ನಷ್ಟವನ್ನು ತುಂಬಿಕೊಳ್ಳಹೊರಟಿತೆಂದು ನನಗೆ ತೋರುತ್ತದೆ. 1966ರ ದೂರದರ್ಶನದಲ್ಲಿ ಅಲೆಕ್ಸ್ ಟಾಥ್ ರೂಪಿಸಿದ ಸ್ಪೇಸ್ ಘೋಸ್ಟ್ ಮರುವರುಷವೇ ಹಾಳೆಗೆ ಬಂದುದೂ ಇಷ್ಟೇ ಸಲೀಸಾಗಿ.

ವಿಚಾರಣೆ ನಿಜವಾಗಿ ಕಠಿನವಾದುದು ಫೈರ್‌ಸ್ಟಾರಳ ವಿಷಯದಲ್ಲಿ. 1981ರ ಸೆಪ್ಟೆಂಬರಿನಲ್ಲಿ ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾದ ಸ್ಪೈಡರ್‌ಮ್ಯಾನ್ ಮತ್ತವನ ಗೆಳೆಯರ ಧಾರಾವಾಹಿಗೆ ಹಿಮದ ವೀರನಾದ ಐಸ್‌ಮ್ಯಾನನಿಗೆ ಸರಿಜೋಡಿಯಾಗಿ ಬೆಂಕಿಯ ವೀರನೊಬ್ಬನು ಬೇಕಾಗಿ, ಹ್ಯೂಮನ್ ಟಾರ್ಚನ ಹಕ್ಕು ದೊರೆಯದ ಕಾರಣ ಈ ಏಂಜೆಲಿಕಾ ಜೋನ್ಸಳನ್ನು ಸೃಷ್ಟಿಸಿದರೆಂದು ಹೇಳುವುದುಂಟು. ತೆರೆಯ ಮೇಲೆ ಅವಳ ಬಾಳು ಹಗುರವಾದುದು: ಸ್ಪೈಡರ್‌ಮ್ಯಾನನ ಮೇ ಅತ್ತೆಯ ಮನೆಯಲ್ಲಿ ಇಬ್ಬರು ಗೆಳೆಯರು, ಒಂದು ಪುಟ್ಟ ನಾಯಿ, ಪಾರಿತೋಷಕವೊಂದನ್ನು ಅಲುಗಿಸಿದರೆ ಸಾಕು, ಪೀಠೋಪಕರಣಗಳು ಮಗುಚಿ ಯಂತ್ರಶಾಲೆಯಾಗುವ ಕೋಣೆ. ಮೊದಲ ಕಂತನ್ನೇ ಅನುಸರಿಸಿದ ಕಾಮಿಕ್ ಪುಸ್ತಕವೊಂದು ಆ ವರುಷವೇ ಹೊರಬಂದಿತಾದರೂ ಮಾರ್ವೆಲಿನ ಅಧಿಕೃತ ಕಥಾಲೋಕ ಅದನ್ನು ತನ್ನದೆಂದು ಎಣಿಸಲಿಲ್ಲ. ಆ ಲೋಕದ ಬಾಗಿಲು ಅವಳಿಗೆ ತೆರೆದುದು 1985ರಲ್ಲಿ, ಕ್ರಿಸ್ ಕ್ಲೇರ್‌ಮಾಂಟ್ ಬರೆದು ಕಿರಿಯ ಜಾನ್ ರೊಮಿಟಾ ಚಿತ್ರಿಸಿದ ಅನ್‌ಕ್ಯಾನಿ ಎಕ್ಸ್-ಮೆನ್ ಪತ್ರಿಕೆಯ 193ನೆಯ ಸಂಚಿಕೆಯಲ್ಲಿ. ಅದೂ ನಾಯಿಕೆಯಾಗಿ ಅಲ್ಲ, ತೆರೆಯ ಮೇಲೆ ಅವಳ ಮಿತ್ರರಾಗಿದ್ದ ಎಕ್ಸ್-ಮೆನ್ನರ ಇದಿರುಪಕ್ಷದವಳಾಗಿ! ಈ ವೈಚಿತ್ರ್ಯಕ್ಕೆ ಕಾರಣ ಒದಗಿಸುವುದಕ್ಕಾಗಿಯೇ ಎಂಬಂತೆ, ಮರುವರುಷ ಟಾಮ್ ಡಿಫಾಲ್ಕೋ ಬರೆದು ಮೇರಿ ವಿಲ್‌ಶೈರ್ ಚಿತ್ರಿಸಿದ ನಾಲ್ಕು ಸಂಚಿಕೆಗಳ ಕಥೆಯಲ್ಲಿ, ಅಜ್ಜಿಯನ್ನು ಕಳೆದುಕೊಂಡ ಆ ಹುಡುಗಿಯನ್ನು ಎಕ್ಸ್-ಮೆನ್ನರ ವೈರಿಯಾದ ಎಮ್ಮಾ ಫ್ರಾಸ್ಟ್ ತನ್ನ ವಿದ್ಯಾಲಯಕ್ಕೆ ಕರೆತಂದು, ವಾತ್ಸಲ್ಯದ ಸೋಗಿನಲ್ಲಿ ಕೊಲೆಯ ಆಯುಧವಾಗಿ ಪಳಗಿಸುವ ವೃತ್ತಾಂತ ಬಂದಿತು. ಏಂಜೆಲಿಕಾ ಅಕ್ಕರೆಯಿಂದ ಸಾಕಿದ ಬಟರ್ ರಮ್ ಎಂಬ ಕುದುರೆಗೂ ಎಮ್ಮಾಳಿಂದಲೇ ಮರಣ. ನಾಯಿಯೊಡನೆ ನಗುತ್ತಿದ್ದ ಹುಡುಗಿಗೆ ಹಾಳೆ ಕೊಟ್ಟುದು ಸತ್ತ ಕುದುರೆಯನ್ನು! ಕ್ರೌರ್ಯವೆನ್ನಿ, ಆದರೆ 1990ರ ನ್ಯೂ ವಾರಿಯರ್ಸ್ ತಂಡದಲ್ಲಿ ಅವಳು ಸ್ವಂತ ವ್ಯಕ್ತಿತ್ವದಿಂದ ನಿಲ್ಲಬಲ್ಲವಳಾದುದು ಈ ದುಃಖದ ಬಲದಿಂದಲೇ ಎಂದು ನನ್ನ ಮತ.

ಬ್ಯಾಟ್‌ಮ್ಯಾನ್ ಧಾರಾವಾಹಿಯಲ್ಲಿ 1992ರಲ್ಲಿ ಬಂದ ಹಾರ್ಲೆ ಕ್ವಿನ್ ಖಳಪಕ್ಷದವಳಾದುದರಿಂದ ಇಲ್ಲಿ ಹೆಚ್ಚು ಹೇಳುವುದಿಲ್ಲ; ಆದರೂ ಅವಳ ಪೂರ್ವಕಥೆ ಮೂಡಿದುದು 1994ರ ಮ್ಯಾಡ್ ಲವ್ ಎಂಬ ಕಾಮಿಕ್ ಪುಸ್ತಕದಲ್ಲಿ ಎಂಬುದು ಗಮನಾರ್ಹ. ಎಕ್ಸ್-23 ಎಂಬ ಲಾರಾ 2003ರಲ್ಲಿ ಕಾರ್ಟೂನಿನಲ್ಲಿ ಹುಟ್ಟಿ, 2004ರಲ್ಲಿ ನ್ಯೂಯಾರ್ಕಿನ ಬೀದಿಗಳ ಕತ್ತಲ ಬಾಳಿನ ನಡುವೆ ಹಾಳೆಗಿಳಿದು, 2005ರಲ್ಲಿ ತನ್ನ ಜನ್ಮವೃತ್ತಾಂತವನ್ನು ಪಡೆದಳು. 2017ರ ಲೋಗನ್ ಚಿತ್ರದಲ್ಲಿ ಅವಳು ತೆರೆಗೆ ಮರಳಿದಾಗ ಅವಳ ಚೀಲದಲ್ಲಿದ್ದುದು ಎಕ್ಸ್-ಮೆನ್ನರ ಕಾಮಿಕ್ ಪುಸ್ತಕಗಳು. ಅವುಗಳನ್ನು ತಿರುವಿ ನೋಡಿದ ಚಿತ್ರದ ನಾಯಕ ಲೋಗನ್, ಇದರಲ್ಲಿ ಹೆಚ್ಚಿನದು ನಡೆದದ್ದೇ ಅಲ್ಲವೆಂದು ಗೊಣಗುತ್ತಾನೆ.