ಸ್ಕೈ ದ್ವೀಪದ ಗಾಯಕವೃಂದ

ಸ್ಕಾಟ್ಲೆಂಡಿನ ಬೆಟ್ಟನಾಡಿನಲ್ಲಿ ಪೂರ್ವಕಾಲದಲ್ಲಿ ಊರ ಹೊಲವನ್ನು ಪಟ್ಟೆಪಟ್ಟೆಯಾಗಿ ವಿಂಗಡಿಸಿ ಒಕ್ಕಲುಗಳು ಸರದಿಯ ಮೇಲೆ ಹಂಚಿಕೊಳ್ಳುತ್ತಿದ್ದರು. ಆ ಪದ್ಧತಿಗೆ ರನ್‌ರಿಗ್ ಎಂದು ಹೆಸರು. 1973ರಲ್ಲಿ ಸ್ಕೈ ದ್ವೀಪದ ತರುಣರು ಕಟ್ಟಿದ ರಾಕ್ ವಾದ್ಯಗೋಷ್ಠಿಯು ಈ ಹೆಸರನ್ನೇ ತಳೆಯಿತು. ರೋರಿ ಮತ್ತು ಕ್ಯಾಲಮ್ ಮ್ಯಾಕ್‌ಡೊನಾಲ್ಡ್ ಸೋದರರು ಪದಕರ್ತರು. ಮರುವರ್ಷ ಬಂದು ಸೇರಿದ ಡಾನಿ ಮನ್ರೋ ಗಾಯಕನು. ಆತನು ಚಿತ್ರಕಲೆಯ ಉಪಾಧ್ಯಾಯನಾಗಿದ್ದವನು. ಇದರಿಂದ ನನಗೆ ತುಸು ಪಕ್ಷಪಾತವುಂಟೆಂದು ವಾಚಕರು ಎಣಿಸಿದರೆ ಅಲ್ಲಗಳೆಯಲಾರೆ.

1978ರ ಇವರ ಪ್ರಥಮ ಧ್ವನಿಮುದ್ರಿಕೆಯು ಆದ್ಯಂತವೂ ಗೇಲಿಕ್ ಭಾಷೆಯದು. ಸ್ಕಾಟ್ಲೆಂಡಿನ 1872ರ ಶಿಕ್ಷಣಶಾಸನದಲ್ಲಿ ಆ ನುಡಿಗೆ ಎಡೆಯೇ ಇರಲಿಲ್ಲ. ಮನೆಯ ಮಾತನ್ನು ಮಕ್ಕಳು ಶಾಲೆಯ ಹೊಸ್ತಿಲಾಚೆಯೇ ಬಿಟ್ಟು ಬರಬೇಕಾಗಿತ್ತು. ಅಂಥ ನುಡಿಯನ್ನು ಗಿಟಾರಿನೊಡನೆ ಹಾಡಿದರೆ ಕೇಳುವವರಾರು? ಆದರೆ 1991ರಲ್ಲಿ ಲೋಮಂಡ್ ಸರೋವರದ ತೀರದಲ್ಲಿ ಇವರನ್ನು ಕೇಳಲು ಹತ್ತಾರು ಸಾವಿರ ಜನ ನೆರೆದರು. 1995ರಲ್ಲಿ ಇವರದೊಂದು ಗೇಲಿಕ್ ಗೀತವು ಬ್ರಿಟನ್ನಿನ ಜನಪ್ರಿಯ ಗೀತಗಳ ಪಟ್ಟಿಯಲ್ಲಿ 18ನೆಯ ಸ್ಥಾನವನ್ನು ಪಡೆಯಿತು. ಗೇಲಿಕ್ಕಿಗೆ ಅದಕ್ಕೆ ಮುಂಚೆ ಅಂಥ ಭಾಗ್ಯ ಒದಗಿರಲಿಲ್ಲ.

ನಾನಾದರೂ ಮೊದಮೊದಲು ಆ ಅಬ್ಬರಕ್ಕೆ ಕಿವಿ ಮುಚ್ಚಿಕೊಂಡವನೇ. ಒಂದಿರುಳು ಮನ್ರೋವಿನ ಕಂಠವನ್ನು ನೆಮ್ಮದಿಯಿಂದ ಆಲಿಸಿದಾಗ, ಪಾಠಶಾಲೆಯಲ್ಲಿ ಅರ್ಥವರಿಯದೆಯೇ ಮಂತ್ರಗಳನ್ನೊಪ್ಪಿಸುತ್ತಿದ್ದ ಬಾಲ್ಯವು ನೆನಪಾಯಿತು.

1997ರಲ್ಲಿ ಆತನು ವೃಂದವನ್ನು ತ್ಯಜಿಸಿ ಪಾರ್ಲಿಮೆಂಟಿನ ಚುನಾವಣೆಗೆ ನಿಂತು ಸೋತನು. ಆ ಕಂಠಕ್ಕೆ ಮತಯಾಚನೆಯ ಗೊಡವೆ ಏಕೆ ಬೇಕಿತ್ತೋ! ಮರುವರ್ಷ ಕೆನಡಾದ ನೋವಾ ಸ್ಕೋಷಿಯಾದಿಂದ ಬಂದ ಬ್ರೂಸ್ ಗುತ್ರೋ ಆ ಸ್ಥಾನವನ್ನು ಇಪ್ಪತ್ತು ವರ್ಷ ತುಂಬಿದನು. 2018ರ ಆಗಸ್ಟ್ 18ರಂದು ಸ್ಟರ್ಲಿಂಗ್ ಕೋಟೆಯ ಕೆಳಗಣ ಬಯಲಿನಲ್ಲಿ ವೃಂದವು ಕಡೆಯ ಸಲ ಹಾಡಿತು. ಗುತ್ರೋ 2023ರಲ್ಲಿ ತೀರಿಕೊಂಡನು. ಆತನೂ ಸುಸ್ವರನೇ, ಆದರೂ ನನ್ನ ಕೈ ಹುಡುಕುವುದು 1978ರ ಮುದ್ರಿಕೆಯನ್ನೇ.